ಹಲ್ಲುಳ್ಳ ಹಕ್ಕಿಗಳು

ಉತ್ತರ ಅಮೆರಿಕ ಖಂಡದ ನಟ್ಟನಡುವೆ, ಕ್ಯಾನ್ಸಸ್ ಸಂಸ್ಥಾನದ ಪಶ್ಚಿಮಭಾಗದಲ್ಲಿ, ಸ್ಮೋಕಿ ಹಿಲ್ ಎಂಬ ನದಿಯೊಂದು ಹರಿಯುತ್ತದೆ. ಅದರ ಇಕ್ಕೆಲಗಳ ಹುಲ್ಲುಗಾವಲು ಅಲ್ಲಲ್ಲಿ ತಟಕ್ಕನೆ ಮುಗಿದು, ಹಳದಿಯೂ ಬೂದುಬಣ್ಣವೂ ಬೆರೆತ ಸೀಮೆಸುಣ್ಣದ ಕಮರಿಗಳಿಗೂ ಮಳೆಗಾಳಿಗಳು ಕಡೆದು ನಿಲ್ಲಿಸಿದ ಒಂಟಿಗಂಬಗಳಿಗೂ ಎಡೆಗೊಡುತ್ತದೆ. ಈಗ ಅಲ್ಲಿಂದ ಯಾವ ದಿಕ್ಕಿಗೆ ನಡೆದರೂ ಕಡಲು ನೂರಾರು ಮೈಲಿಗಳ ಆಚೆಗಿದೆ. ಆದರೆ ಸುಮಾರು 8 ಕೋಟಿ 50 ಲಕ್ಷ ವರ್ಷಗಳ ಹಿಂದೆ, ಭೂವಿಜ್ಞಾನಿಗಳು ಕ್ರಿಟೇಷಿಯಸ್ ಎಂದು ಕರೆಯುವ ಯುಗದಲ್ಲಿ, ಉತ್ತರಧ್ರುವದ ಸಾಗರದಿಂದ ಮೆಕ್ಸಿಕೋ ಕೊಲ್ಲಿಯವರೆಗೆ ಇಡೀ ಖಂಡವನ್ನು ಎರಡಾಗಿ ಸೀಳಿಕೊಂಡು ವ್ಯಾಪಿಸಿದ್ದ ಒಳಗಡಲೊಂದು ಆ ನೆಲವನ್ನು ಮುಚ್ಚಿಕೊಂಡಿದ್ದಿತು. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕಡಲ ಸಸ್ಯಗಳ ಸುಣ್ಣದ ಕವಚಗಳು ಲಕ್ಷಾಂತರ ವರ್ಷಗಳ ಕಾಲ ತಳಕ್ಕಿಳಿದು ಪದರಪದರವಾಗಿ ಕೂಡಿಕೊಂಡು ಶಿಲೆಯಾದುವು. ಆ ಕಡಲಿನಲ್ಲಿ ಸತ್ತ ಮೀನುಗಳೂ ಆಮೆಗಳೂ ಮೊಸಸಾರ್ ಎಂಬ ಭೀಮಕಾಯದ ಕಡಲಹಲ್ಲಿಗಳೂ ಆ ಕೆಸರಿನಲ್ಲಿಯೇ ಹೂತು, ತಮ್ಮ ಅಸ್ಥಿಗಳನ್ನು ಅದರ ವಶಕ್ಕೆ ಒಪ್ಪಿಸಿದುವು. ಇವುಗಳ ನಡುವೆ ಎರಡು ಬಗೆಯ ನೀರುಹಕ್ಕಿಗಳೂ ಇದ್ದುವೆಂಬುದನ್ನು ಮನುಷ್ಯನು ಅರಿತ ಬಗೆ ಹೇಗೆಂಬುದೇ ಈ ಲೇಖನದ ವಸ್ತು. ಆ ಅರಿವು ಒಂದು ದಿನದಲ್ಲಿ ಮೂಡಲಿಲ್ಲ. ಅದರ ಹಿಂದೆ ಒಂದು ಪೆಟ್ಟಿಗೆಯ ಮೇಲಿನ ವಿಳಾಸ, ಒಂದು ತಪ್ಪು ನಾಮಕರಣ, ಅಮೆರಿಕದ ಸಂಸತ್ತಿನ ಒಂದು ವಾಗ್ವಾದ, ಪಂಡಿತರ ನಡುವೆ ಶತಮಾನಕ್ಕೂ ಮಿಕ್ಕಿ ನಡೆದ ವ್ಯಾಜ್ಯ, ಇವೆಲ್ಲವೂ ಇವೆ.

ಹಕ್ಕಿಗಳ ಪೂರ್ವೇತಿಹಾಸವು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ವಿದ್ವಾಂಸರಿಗೆ ಬಹುಮಟ್ಟಿಗೆ ಅಜ್ಞಾತವಾಗಿಯೇ ಇದ್ದಿತು. ಹಾರುವ ಪ್ರಾಣಿಯ ಎಲುಬು ಹಗುರ, ಟೊಳ್ಳು, ತೆಳ್ಳನೆಯ ಗೋಡೆಯದು. ಬೇಟೆಗಾರ ಪ್ರಾಣಿಗಳ ಹಲ್ಲಿಗೂ ನೀರಿನ ಸೆಳೆತಕ್ಕೂ ಸುಲಭವಾಗಿ ತುತ್ತಾಗುವ ಅಂತಹ ಎಲುಬು ಶಿಲೆಯಾಗಿ ಉಳಿಯುವುದು ಅಪೂರ್ವ. 1861ರಲ್ಲಿ ಬವೇರಿಯದ ಸೋಲ್ನ್‌ಹೋಫನ್ ಎಂಬಲ್ಲಿನ ಸುಣ್ಣಶಿಲೆಯಲ್ಲಿ, ರೆಕ್ಕೆಯ ಗರಿಗಳ ಅಚ್ಚಿನೊಡನೆ ಹಲ್ಲಿಯಂತಹ ಉದ್ದಬಾಲವನ್ನೂ ಹೊಂದಿದ್ದ ಆರ್ಕಿಯಾಪ್ಟೆರಿಕ್ಸ್ ಎಂಬ ಜೀವಿಯು ದೊರೆತು, ಎರಡು ವರ್ಷಗಳ ಹಿಂದಷ್ಟೇ ಪ್ರಕಟವಾಗಿದ್ದ ಡಾರ್ವಿನ್ನನ ಗ್ರಂಥದ ಸುತ್ತ ನಡೆಯುತ್ತಿದ್ದ ಚರ್ಚೆಗೆ ಹೊಸ ಕಾವನ್ನು ಕೊಟ್ಟಿದ್ದಿತು. ಇಂಗ್ಲೆಂಡಿನ ಕೇಂಬ್ರಿಜ್ ಬಳಿ ದೊರೆತ ಕೆಲವು ಸವೆದ, ಮುರಿದ ಎಲುಬುಗಳನ್ನು ಹ್ಯಾರಿ ಸೀಲಿ ಎಂಬ ವಿದ್ವಾಂಸನು ಮುಳುಗುಹಕ್ಕಿಯವೆಂದು ಗುರುತಿಸಿದ್ದನು. ಆದರೆ ಸರೀಸೃಪವನ್ನೂ ಹಕ್ಕಿಯನ್ನೂ ಬೆಸೆಯುವ ಸಾಕ್ಷ್ಯ ಇನ್ನಷ್ಟು ಬೇಕೆಂದು ಎಲ್ಲರೂ ಬಯಸುತ್ತಿದ್ದರು.

ಈ ಸಂದರ್ಭದಲ್ಲಿ ರಂಗಕ್ಕೆ ಬಂದವನು ಆಥ್ನಿಯೆಲ್ ಚಾರ್ಲ್ಸ್ ಮಾರ್ಷ್. 1831ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಲಾಕ್‌ಪೋರ್ಟಿನ ರೈತಕುಟುಂಬದಲ್ಲಿ ಹುಟ್ಟಿದ ಈತನಿಗೆ ಜಾರ್ಜ್ ಪೀಬಡಿ ಎಂಬ ಮಹಾಧನಿಕನು ಸೋದರಮಾವ. ಆ ಮಾವನ ಒಂದೂವರೆ ಲಕ್ಷ ಡಾಲರುಗಳ ದಾನದಿಂದ 1866ರಲ್ಲಿ ಯೇಲ್ ವಿದ್ಯಾಸಂಸ್ಥೆಯಲ್ಲಿ ಪ್ರಕೃತಿ ಇತಿಹಾಸದ ವಸ್ತುಸಂಗ್ರಹಾಲಯವೊಂದು ಸ್ಥಾಪಿತವಾಯಿತು. ಅದೇ ವರ್ಷ ಮಾರ್ಷನು ಅಲ್ಲಿ ಪ್ರಾಚೀನಜೀವಿಶಾಸ್ತ್ರದ ಪ್ರಾಧ್ಯಾಪಕನಾದನು. ಆ ಶಾಸ್ತ್ರಕ್ಕೆ ಅಮೆರಿಕದಲ್ಲಿ ಅಂತಹ ಪೀಠವಿದ್ದುದು ಅದೇ ಮೊದಲು. ರೈಲುಮಾರ್ಗಗಳು ಪಶ್ಚಿಮದ ಬಯಲುಗಳನ್ನು ಆಗತಾನೇ ಹೊಕ್ಕಿದ್ದುವು. 1870ರಲ್ಲಿ ಮಾರ್ಷನು ತನ್ನ ವಿದ್ಯಾರ್ಥಿಗಳ ತಂಡವೊಂದನ್ನು ಕಟ್ಟಿಕೊಂಡು, ಸೈನಿಕರ ಬೆಂಗಾವಲಿನೊಡನೆ ಆ ಪ್ರದೇಶಗಳನ್ನು ಶೋಧಿಸಲು ಹೊರಟು, ವರ್ಷದ ಕೊನೆಯಲ್ಲಿ ಕ್ಯಾನ್ಸಸ್ಸಿನ ವಾಲೆಸ್ ಕೋಟೆಯ ಸುತ್ತಣ ಸೀಮೆಸುಣ್ಣದ ನಾಡನ್ನು ತಲಪಿದನು. ತಮ್ಮ ನೆಲಕ್ಕಾಗಿ ಹೋರಾಡುತ್ತಿದ್ದ ಮೂಲನಿವಾಸಿಗಳಿಗೂ ಅಮೆರಿಕದ ಸೈನ್ಯಕ್ಕೂ ಅಲ್ಲಿ ಕದನ ನಡೆಯುತ್ತಿದ್ದ ಕಾಲವದು. ಮೇಲಾಗಿ ಚಳಿ ವಿಪರೀತವಾಗಿದ್ದಿತು. ಕೈಬೆರಳು ಸೆಟೆಯುವ ಆ ಚಳಿಯಲ್ಲಿ ಶಿಲೆಯನ್ನು ನಿಧಾನವಾಗಿ ಕೆದಕುವುದು ಅಸಾಧ್ಯವಾಗಿದ್ದರೂ, ಡಿಸೆಂಬರಿನಲ್ಲಿ ಸ್ಮೋಕಿ ಹಿಲ್ ನದಿಯ ಬಳಿ ಮಾರ್ಷನ ಕಣ್ಣಿಗೆ ಎಲುಬಿನ ತುಂಡೊಂದು ಬಿದ್ದಿತು.

ಅದು ಕಾಲಿನ ಎಲುಬಿನ ಒಂದು ಕೊನೆ ಮಾತ್ರ. ಅಷ್ಟರಿಂದಲೇ ಅದು ಹಕ್ಕಿಯದೆಂದು ತಿಳಿಯುವುದು ಹೇಗೆಂದು ಓದುಗರು ಕೇಳಬಹುದು. ಮೊಳಕಾಲಿನಿಂದ ಕೆಳಗಿಳಿಯುವ ಎಲುಬಿನ ತುದಿಗೆ, ನಮ್ಮಲ್ಲಿಯೂ ಹಲ್ಲಿಗಳಲ್ಲಿಯೂ, ಪಾದಸಂಧಿಯ ಚಿಕ್ಕ ಎಲುಬುಗಳು ಬೇರೆಬೇರೆಯಾಗಿ ಬಂದು ಸೇರುತ್ತವೆ. ಬೆಳೆದ ಹಕ್ಕಿಯಲ್ಲಿ ಹಾಗಲ್ಲ: ಸಂಧಿಯ ಮೇಲ್ಭಾಗದ ಎಲುಬುಗಳು ಮೇಲಿನ ಎಲುಬಿನ ತುದಿಗೆ ಕರಗಿ ಬೆಸೆದುಹೋಗಿ, ನಡುವೆ ತೋಡುಳ್ಳ ಎರಡು ಉಬ್ಬುಗಳ ರಾಟೆಯೊಂದು ಅಲ್ಲಿ ನಿರ್ಮಾಣವಾಗುತ್ತದೆ, ಪಾದವು ಆ ರಾಟೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಮಾತ್ರ ತಿರುಗುತ್ತದೆ. ಕೋಳಿಯ ಕಾಲೆಲುಬನ್ನು ಬೇಯಿಸಿ ತೊಳೆದು ಕೈಯಲ್ಲಿ ಹಿಡಿದು ನೋಡಿದರೆ ಈ ರಚನೆ ಯಾರಿಗಾದರೂ ಕಂಡೀತು. ಮಾರ್ಷನು ಕೈಯಲ್ಲಿ ಹಿಡಿದದ್ದು ಅಂತಹ ರಾಟೆಯೇ. ಆದರೆ ಅದು ಬಹಳ ದೊಡ್ಡ ಹಕ್ಕಿಯೊಂದರದು. ಒಂದು ತುದಿಯ ಆಧಾರದ ಮೇಲೆ ವರ್ಗವನ್ನು ಹೇಳಬಹುದು, ಜಾತಿಯನ್ನು ಹೇಳಲಾಗದು. ಆದುದರಿಂದ ಆತನು ಆಗ ಅದಕ್ಕೆ ಹೆಸರಿಡಲಿಲ್ಲ. ಮುಂದೆ ಅವಸರಕ್ಕೆ ಹೆಸರಾದ ಈ ಮನುಷ್ಯನು ಇಲ್ಲಿ ತೋರಿದ ಸಂಯಮವನ್ನು ಮೆಚ್ಚಬೇಕು.

ಮರುವರ್ಷದ ಬೇಸಗೆಯಲ್ಲಿ, ಹೆಚ್ಚಿನ ಜನರೊಡನೆಯೂ ಹೆಚ್ಚಿನ ಬೆಂಗಾವಲಿನೊಡನೆಯೂ ಮಾರ್ಷನು ಅಲ್ಲಿಗೆ ಮರಳಿದನು. ಈ ಬಾರಿ ಒಂದೇ ಹಕ್ಕಿಯ ಬಹುಭಾಗದ ಅಸ್ಥಿಪಂಜರವು ಒಂದೆಡೆಯಲ್ಲಿಯೇ ದೊರೆಯಿತು. ಆದರೆ ಅದಕ್ಕೆ ತಲೆಯಿರಲಿಲ್ಲ. 1872ರಲ್ಲಿ ಆತನು ಅದನ್ನು ವರ್ಣಿಸಿ ಹೆಸ್ಪೆರಾರ್ನಿಸ್ ರೆಗಾಲಿಸ್, ಎಂದರೆ ಪಡುವಣದ ರಾಜಪಕ್ಷಿ, ಎಂದು ನಾಮಕರಣ ಮಾಡಿದನು.

ಆ ದೇಹರಚನೆಯನ್ನು ಸ್ವಲ್ಪ ನಿಂತು ನೋಡಬೇಕು. ಕೊಕ್ಕಿನಿಂದ ಪಾದದವರೆಗೆ ಸುಮಾರು ಆರು ಅಡಿ ಉದ್ದವಾಗಿದ್ದ ಈ ಹಕ್ಕಿಗೆ ಹಾರಾಟದ ಸಲಕರಣೆಯೇ ಇಲ್ಲ. ಹಾರುವ ಹಕ್ಕಿಗಳ ಎದೆಯೆಲುಬಿನ ನಡುವೆ, ರೆಕ್ಕೆಯ ದೊಡ್ಡ ಮಾಂಸಖಂಡಗಳಿಗೆ ಆಸರೆಯಾಗಿ ನಿಲ್ಲುವ ಏಣು ಇದಕ್ಕೆ ಇರಲಿಲ್ಲ, ಎದೆಯೆಲುಬು ಚಪ್ಪಟೆಯಾಗಿದ್ದಿತು. ರೆಕ್ಕೆಯೆಂದರೆ ಕಡ್ಡಿಯಷ್ಟು ತೆಳುವಾದ ತೋಳೆಲುಬೊಂದು. ಅದರ ಮುಂದಿನ ಭಾಗಗಳು ಲೋಪವಾಗಿದ್ದುವು. ಎಲುಬುಗಳು ಟೊಳ್ಳಾಗಿರದೆ ಗಟ್ಟಿಯಾಗಿ ತೂಕವಾಗಿದ್ದುವು. ಇದು ನೀರಿನಲ್ಲಿ ಮುಳುಗುವವನಿಗೆ ಅನುಕೂಲ. ಬಲವೆಲ್ಲವೂ ಕಾಲಿಗೆ ಇಳಿದಿದ್ದಿತು. ತೊಡೆಯ ಎಲುಬು ಗಿಡ್ಡಾಗಿ ದಪ್ಪವಾಗಿದೆ, ಅದರ ಕೆಳಗಿನ ಎಲುಬು ಬಹಳ ಉದ್ದವಾಗಿದೆ. ಮೊಳಕಾಲಿನ ಮೇಲೆ ಎತ್ತರವಾಗಿ ಎದ್ದು ನಿಂತ ಚಿಪ್ಪು ಹಿಂದಕ್ಕೆ ಒದೆಯುವ ಸ್ನಾಯುಗಳಿಗೆ ಹಿಡಿಕೆಯಂತಿದೆ. ಪಾದದ ಬೆರಳುಗಳಲ್ಲಿ ಹೊರಗಿನದೇ ಎಲ್ಲಕ್ಕಿಂತ ಉದ್ದ ಮತ್ತು ದೃಢ. ಕನ್ನಡನಾಡಿನ ಕೆರೆಗಳಲ್ಲಿ ಗುಳುಮುಳುಕವನ್ನು ಕಂಡವರಿಗೆ ಈ ವಿನ್ಯಾಸದ ಅರ್ಥವು ಕೂಡಲೇ ಹೊಳೆಯುತ್ತದೆ: ದೇಹದ ತೀರ ಹಿಂಭಾಗಕ್ಕೆ ಸರಿದ ಕಾಲುಗಳಿಂದ ನೀರಿನಲ್ಲಿ ಬಾಣದಂತೆ ನುಗ್ಗುವ ಆ ಪುಟ್ಟ ಹಕ್ಕಿ ನೆಲದ ಮೇಲೆ ನಾಲ್ಕು ಹೆಜ್ಜೆ ಇಡಲಾರದೆ ಮುಗ್ಗರಿಸುತ್ತದೆ. ಹೆಸ್ಪೆರಾರ್ನಿಸ್ಸೂ ನೆಲಕ್ಕೆ ಹೊರಗಿನವನಾಗಿ, ಬಹುಶಃ ಮೊಟ್ಟೆಯಿಡುವ ಕಾಲದಲ್ಲಷ್ಟೇ ದಡವನ್ನೇರುತ್ತಿದ್ದಿರಬೇಕು.

ಇಷ್ಟೆಲ್ಲ ತಿಳಿದರೂ ತಲೆಯಿಲ್ಲದ ಹಕ್ಕಿಯ ಗುರುತು ಪೂರ್ಣವಾಗಿರಲಿಲ್ಲ. ಈ ನಡುವೆ ಕಥೆಯು ಬೇರೊಬ್ಬ ಮನುಷ್ಯನ ಕಡೆಗೆ ತಿರುಗುತ್ತದೆ.

ಬೆಂಜಮಿನ್ ಫ್ರಾಂಕ್ಲಿನ್ ಮಜ್ ಎಂಬಾತನು ಕ್ಯಾನ್ಸಸ್ಸಿನ ಮನ್ಹಾಟನ್ ಎಂಬ ಊರಿನ ಕೃಷಿ ವಿದ್ಯಾಶಾಲೆಯಲ್ಲಿ ಪ್ರಾಧ್ಯಾಪಕನಾಗಿದ್ದನು. ಅದಕ್ಕೆ ಮೊದಲು ಆ ಸಂಸ್ಥಾನದ ಭೂವಿಜ್ಞಾನಿಯೂ ಆಗಿದ್ದನು. ಗ್ರಂಥಭಂಡಾರವಾಗಲಿ, ಹೋಲಿಸಿ ನೋಡಲು ಬೇಕಾದ ಅಸ್ಥಿಸಂಗ್ರಹವಾಗಲಿ ಕೈಯೆಟುಕಿನಲ್ಲಿಲ್ಲದ ಇಂತಹ ಶೋಧಕರು ತಮಗೆ ದೊರೆತುದನ್ನು ಪೂರ್ವತೀರದ ಪಂಡಿತರಿಗೆ ಕಳುಹಿಸಿ ಅವರಿಂದ ಹೆಸರು ಕೇಳಿ ತಿಳಿಯುತ್ತಿದ್ದರು. ಮಜ್ ಹಾಗೆ ಕಳುಹಿಸುತ್ತಿದ್ದುದು ಫಿಲಡೆಲ್ಫಿಯದ ಎಡ್ವರ್ಡ್ ಡ್ರಿಂಕರ್ ಕೋಪನಿಗೆ. ಮಾರ್ಷನಿಗೂ ಕೋಪನಿಗೂ ಬೆಳೆಯುತ್ತಿದ್ದ ಸ್ಪರ್ಧೆಯು ಮುಂದೆ ದ್ವೇಷವಾಗಿ, ಅಮೆರಿಕದ ವಿಜ್ಞಾನದ ಇತಿಹಾಸದಲ್ಲಿ ‘ಮೂಳೆಗಳ ಯುದ್ಧ’ವೆಂಬ ಕುಪ್ರಸಿದ್ಧಿಯನ್ನೇ ಪಡೆಯಿತು. 1872ರಲ್ಲಿ ಸಾಲಮನ್ ನದಿಯ ಉತ್ತರದ ಕವಲಿನ ಬಳಿ ಮಜ್ ಪುಟ್ಟ ಹಕ್ಕಿಯೊಂದರ ಎಲುಬುಗಳಿದ್ದ ಶಿಲಾಖಂಡವನ್ನು ಕಂಡು, ಪೆಟ್ಟಿಗೆಯಲ್ಲಿ ತುಂಬಿ, ಮೇಲೆ ಕೋಪನ ವಿಳಾಸವನ್ನೂ ಬರೆದಿದ್ದನಂತೆ. ಅಷ್ಟರಲ್ಲಿ, ಹಳೆಯ ಪರಿಚಯದವನಾದ ಮಾರ್ಷನು ಮಜ್‌ನ ಸಂಗ್ರಹವನ್ನು ನೋಡಬಯಸುತ್ತಾನೆಂಬ ಸುದ್ದಿಯು ತಲಪಿ, ಮಜ್ ಆ ವಿಳಾಸವನ್ನು ಬದಲಾಯಿಸಿದನು. ಪೆಟ್ಟಿಗೆಯು ಫಿಲಡೆಲ್ಫಿಯಕ್ಕೆ ಹೋಗುವುದನ್ನು ಬಿಟ್ಟು ಯೇಲ್ ಇರುವ ನ್ಯೂ ಹೇವನ್ನಿಗೆ ಹೋಯಿತು. ಈ ಸಂಗತಿಯನ್ನು ನಮಗೆ ಬರೆದಿಟ್ಟವನು ಮಜ್‌ನ ಶಿಷ್ಯನಾಗಿದ್ದು ಮುಂದೆ ತಾನೂ ಹೆಸರಾಂತ ವಿದ್ವಾಂಸನಾದ ಸ್ಯಾಮ್ಯುಯೆಲ್ ವೆಂಡೆಲ್ ವಿಲಿಸ್ಟನ್.

ಪೆಟ್ಟಿಗೆಯಲ್ಲಿ ಬಂದುದು ಪಾರಿವಾಳದಷ್ಟು ದೊಡ್ಡ ಹಕ್ಕಿ. ಹೆಸ್ಪೆರಾರ್ನಿಸ್ಸಿಗೆ ವಿರುದ್ಧವಾಗಿ ಇದರ ರೆಕ್ಕೆಯೆಲುಬುಗಳು ಬಲಿಷ್ಠ, ಎದೆಯಲ್ಲಿ ಏಣೂ ಉಂಟು. ಕಡಲಿನ ಮೇಲೆ ಹಾರಿ ಮೀನು ಹಿಡಿಯುವ ಇಂದಿನ ರೀವಗಳ ಗಾತ್ರವೂ ಬಹುಶಃ ಬಾಳೂ ಅದರದಾಗಿದ್ದಿತು. ಅದರ ಬೆನ್ನುಮೂಳೆಯ ಮಣಿಗಳು ಮಾತ್ರ ವಿಚಿತ್ರ. ಇಂದಿನ ಹಕ್ಕಿಗಳ ಮಣಿಗಳ ಮುಖಗಳು ಕುದುರೆಯ ಜೀನಿನ ಆಕಾರದಲ್ಲಿ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಇದರ ಮಣಿಗಳು ಮೀನಿನ ಮಣಿಗಳ ಹಾಗೆ ಎರಡು ಕಡೆಯೂ ಗುಳಿಬಿದ್ದಿದ್ದುವು. ಮಾರ್ಷನು ಇದಕ್ಕೆ ಇಕ್ತಿಯಾರ್ನಿಸ್ ಡಿಸ್ಪಾರ್ ಎಂದು ಹೆಸರಿಟ್ಟನು. ಅದೇ ಶಿಲಾಖಂಡದಲ್ಲಿ ಎಲುಬುಗಳ ಜೊತೆಗೆ ಚಿಕ್ಕ ಚೂಪಾದ ಹಲ್ಲುಗಳ ಸಾಲುಳ್ಳ ಎರಡು ಕೆಳದವಡೆಗಳೂ ಇದ್ದುವು. ಹಕ್ಕಿಗೆ ಹಲ್ಲಿಲ್ಲವೆಂಬುದು ಲೋಕಕ್ಕೆಲ್ಲ ತಿಳಿದ ಸಂಗತಿ. ಆದುದರಿಂದ ಮಾರ್ಷನು ಆ ದವಡೆಗಳು ಯಾವುದೋ ಪುಟ್ಟ ಸರೀಸೃಪದವೆಂದು ತೀರ್ಮಾನಿಸಿ, ಮಜ್‌ನ ಗೌರವಾರ್ಥವಾಗಿ ಅದಕ್ಕೆ ಕೊಲೊನೊಸಾರಸ್ ಮಜಿ ಎಂದು ಬೇರೆಯ ಹೆಸರಿನಿಂದ ಅದೇ ವರ್ಷದ ಕೊನೆಯೊಳಗೆ ಪ್ರಕಟಿಸಿಬಿಟ್ಟನು.

ಈ ತಪ್ಪನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯವಾದೀತು. ಸತ್ತ ಜೀವಿಗಳು ಕಡಲತಳದಲ್ಲಿ ಒಂದರ ಮೇಲೊಂದು ಬೀಳುವುದು ಸಾಮಾನ್ಯ. ಮೀನಿನ ಹೊಟ್ಟೆಯಲ್ಲಿ ಮೀನು, ಆಮೆಯ ಬೆನ್ನಿನ ಪಕ್ಕದಲ್ಲಿ ಹಲ್ಲಿಯ ಬಾಲ, ಇಂತಹವು ಆ ಶಿಲೆಯಲ್ಲಿ ಎಷ್ಟೋ ದೊರೆತಿವೆ. ಮೇಲಾಗಿ ದವಡೆಯ ರಚನೆಯೂ ಹಕ್ಕಿಯದರಂತಿರಲಿಲ್ಲ. ಇಂದಿನ ಹಕ್ಕಿಗಳ ಕೆಳಕೊಕ್ಕಿನ ಎರಡು ಪಕ್ಕಗಳೂ ಮುಂತುದಿಯಲ್ಲಿ ಬೆಸೆದು ಒಂದಾಗಿರುತ್ತವೆ. ಇಲ್ಲಿ ಅವು ಬೆಸೆಯದೆ, ಬದುಕಿದ್ದಾಗ ಬರಿಯ ತಂತುಗಳಿಂದ ಕೂಡಿಕೊಂಡಿದ್ದುವು, ಸತ್ತ ಮೇಲೆ ಬೇರ್ಪಟ್ಟಿದ್ದುವು. ಅಲ್ಲದೆ ಪ್ರತಿಯೊಂದು ಪಕ್ಕದ ನಡುವೆಯೂ ಮೊಸಸಾರ್‌ಗಳಲ್ಲಿರುವಂತಹ ಸಡಿಲವಾದ ಸಂಧಿಯೊಂದಿದ್ದಿತು. ಎಲ್ಲ ಲಕ್ಷಣಗಳೂ ಹಲ್ಲಿಯ ಕಡೆಗೇ ಬೆರಳು ಮಾಡುತ್ತಿದ್ದುವು. ಎರಡೂ ಒಂದೇ ಪ್ರಾಣಿಯವಾಗಿರಬಹುದೆಂಬ ಶಂಕೆ ತನಗೆ ಮೊದಲೇ ಬಂದಿದ್ದಿತೆಂದೂ, ಬರೆದು ಪ್ರಕಟಿಸುವಷ್ಟು ಆಧಾರ ಅದಕ್ಕೆ ಆಗ ಕಾಣಲಿಲ್ಲವೆಂದೂ ಮಾರ್ಷನು ಮುಂದೆ ಹೇಳಿಕೊಂಡಿದ್ದಾನೆ.

ಸಂದೇಹವನ್ನು ಬಗೆಹರಿಸಿದುದು ತರ್ಕವಲ್ಲ, ಉಳಿ. ನ್ಯೂ ಹೇವನ್ನಿನ ಪ್ರಯೋಗಶಾಲೆಯಲ್ಲಿ ಶಿಲಾಖಂಡದ ಮೇಲಿನ ಹೆಂಟೆಯನ್ನು ಎಚ್ಚರಿಕೆಯಿಂದ ಬಿಡಿಸುತ್ತ ಹೋದಂತೆ, ಒಳಗಿನಿಂದ ತಲೆಬುರುಡೆಯ ಭಾಗಗಳೂ ದವಡೆಗಳ ಇನ್ನಷ್ಟು ತುಂಡುಗಳೂ ಹೊರಬಿದ್ದುವು. ಗಾತ್ರದಲ್ಲಿಯೂ ಬಿದ್ದ ಸ್ಥಳದಲ್ಲಿಯೂ ಅವು ಹಕ್ಕಿಯ ಎಲುಬುಗಳಿಗೆ ಸರಿಯಾಗಿ ಹೊಂದಿಕೊಂಡುವು. 1873ರ ಫೆಬ್ರವರಿಯಲ್ಲಿ ಮಾರ್ಷನು ಕೊಲೊನೊಸಾರಸ್ಸೆಂಬ ಸರೀಸೃಪವನ್ನು ತಾನೇ ರದ್ದುಗೊಳಿಸಿ, ಇಕ್ತಿಯಾರ್ನಿಸ್ಸು ಹಲ್ಲುಳ್ಳ ಹಕ್ಕಿಯೆಂದು ಸಾರಿ, ಇಂತಹವುಗಳಿಗಾಗಿ ಪಕ್ಷಿವರ್ಗದೊಳಗೆ ಓಡಾಂಟಾರ್ನಿತೀಸ್ ಎಂಬ ಹೊಸ ಉಪವರ್ಗವನ್ನೇ ಸ್ಥಾಪಿಸಿದನು.

ಅಷ್ಟು ಹೊತ್ತಿಗೆ ಹೆಸ್ಪೆರಾರ್ನಿಸ್ಸಿನ ತಲೆಯೂ ಸಿಕ್ಕಿಯಾಗಿದ್ದಿತು. 1872ರ ನವೆಂಬರಿನಲ್ಲಿ ಪಶ್ಚಿಮ ಕ್ಯಾನ್ಸಸ್ಸಿನಲ್ಲಿ ಮಾರ್ಷನೊಡನೆ ಶೋಧಿಸುತ್ತಿದ್ದ ಟಿ. ಎಚ್. ರಸೆಲ್ ಎಂಬ ಯುವಕನ ಪಾಲಿಗೆ, ತಲೆಬುರುಡೆಸಹಿತವಾದ, ಬಹುತೇಕ ಸಂಪೂರ್ಣವಾದ ಅಸ್ಥಿಪಂಜರವೊಂದು ದೊರೆಯಿತು. 1875ರಲ್ಲಿ ಮಾರ್ಷನು ಅದರ ಹಲ್ಲುಗಳನ್ನು ಲೋಕಕ್ಕೆ ತಿಳಿಸಿದನು. ಮೇಲುದವಡೆಯ ಮುಂತುದಿಗೆ ಹಲ್ಲಿರಲಿಲ್ಲ, ಅಲ್ಲಿ ಕೊಂಬಿನಂತಹ ಕೊಕ್ಕು ಇದ್ದಿರಬೇಕು. ಅದರ ಹಿಂದೆ ಪ್ರತಿ ಪಕ್ಕಕ್ಕೆ 14 ಹಲ್ಲು, ಕೆಳದವಡೆಯ ಪ್ರತಿ ಪಕ್ಕಕ್ಕೆ 33. ಬಾಗಿ ಹಿಂದಕ್ಕೆ ತಿರುಗಿದ ಆ ಮೊನಚು ಹಲ್ಲುಗಳು ಜಾರುವ ಮೀನನ್ನು ಬಿಗಿಯಾಗಿ ಹಿಡಿಯುವುದಕ್ಕೆ ತಕ್ಕವು. ಹಳೆಯ ಹಲ್ಲಿನ ಬೇರಿನ ಒಳಮಗ್ಗುಲಲ್ಲಿ ಹೊಸದು ಮೊಳೆತು, ಹಳೆಯದನ್ನು ಸವೆಸಿ ತಳ್ಳಿ, ಅದರ ಸ್ಥಾನವನ್ನು ಹಿಡಿಯುತ್ತಿದ್ದಿತು. ಸರೀಸೃಪಗಳಲ್ಲಿಯೂ ಹಲ್ಲು ಬದಲಾಗುವ ಕ್ರಮ ಇದೇ.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಮಾರ್ಷನಿಗೆ ಕಂಡ ಸಂಗತಿಯು ನನ್ನ ಅಭಿಪ್ರಾಯದಲ್ಲಿ ಇಡೀ ಶೋಧದ ಸಾರಭಾಗ. ಹಾರಾಟವನ್ನು ತೊರೆದ ಹೆಸ್ಪೆರಾರ್ನಿಸ್ಸಿಗೆ ಹಲ್ಲುಗಳು ಪ್ರತ್ಯೇಕ ಗುಳಿಗಳಲ್ಲಿರದೆ ಒಂದೇ ಉದ್ದನೆಯ ತೋಡಿನಲ್ಲಿ ಸಾಲಾಗಿ ನಿಂತಿವೆ; ಇದು ಪ್ರಾಚೀನ ಲಕ್ಷಣವೆಂದು ಆತನ ಎಣಿಕೆ; ಆದರೆ ಅದರ ಬೆನ್ನುಮೂಳೆಯ ಮಣಿಗಳು ಇಂದಿನ ಹಕ್ಕಿಗಳವಂತೆಯೇ ಇವೆ. ಚೆನ್ನಾಗಿ ಹಾರಬಲ್ಲ ಇಕ್ತಿಯಾರ್ನಿಸ್ಸಿಗೆ ಪ್ರತಿಯೊಂದು ಹಲ್ಲಿಗೂ ಬೇರೆಬೇರೆ ಗುಳಿಯುಂಟು. ಆದರೆ ಅದರ ಮಣಿಗಳು ಮೀನಿನವುಗಳಂತೆ ಪುರಾತನ ರೀತಿಯವು. ಒಂದರಲ್ಲಿ ಹಳೆಯದಾಗಿರುವುದು ಇನ್ನೊಂದರಲ್ಲಿ ಹೊಸದು, ಒಂದರಲ್ಲಿ ಹೊಸದಾಗಿರುವುದು ಇನ್ನೊಂದರಲ್ಲಿ ಹಳೆಯದು. ಜೀವಿಯ ದೇಹವು ಒಟ್ಟಾಗಿ ಒಂದೇ ಮೆಟ್ಟಿಲಿನಿಂದ ಮುಂದಿನ ಮೆಟ್ಟಿಲಿಗೆ ಏರುವುದಿಲ್ಲ, ಅಂಗಾಂಗಗಳು ತಮ್ಮ ತಮ್ಮ ವೇಗದಲ್ಲಿ ಬದಲಾಗುತ್ತವೆಂಬ ತತ್ತ್ವಕ್ಕೆ ಇದಕ್ಕಿಂತ ನಿಚ್ಚಳವಾದ ನಿದರ್ಶನವು ಆ ಕಾಲದಲ್ಲಿ ದುರ್ಲಭವಾಗಿದ್ದಿತು.

1876ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಥಾಮಸ್ ಹೆನ್ರಿ ಹಕ್ಸ್ಲಿಯು ನ್ಯೂ ಹೇವನ್ನಿಗೆ ಬಂದು ಮಾರ್ಷನ ಸಂಗ್ರಹವನ್ನು ಪರೀಕ್ಷಿಸಿ, ಮರುತಿಂಗಳು ನ್ಯೂಯಾರ್ಕಿನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಈ ಹಕ್ಕಿಗಳನ್ನು ವಿಕಾಸವಾದದ ಸಾಕ್ಷಿಗಳಾಗಿ ಸಭೆಯ ಮುಂದಿಟ್ಟನು. 1880ರಲ್ಲಿ ಮಾರ್ಷನ ಮಹಾಪ್ರಬಂಧವು, 34 ಕಲ್ಲಚ್ಚಿನ ಚಿತ್ರಫಲಕಗಳೊಡನೆ, ಕ್ಲಾರೆನ್ಸ್ ಕಿಂಗನ ನೇತೃತ್ವದ ಸರ್ಕಾರಿ ಭೂಶೋಧನೆಯ ಸಂಪುಟಗಳಲ್ಲೊಂದಾಗಿ ಹೊರಬಂದಿತು. ಅದನ್ನು ಓದಿದ ಡಾರ್ವಿನ್ನನು ಆಗಸ್ಟ್ 31ರಂದು ಮಾರ್ಷನಿಗೆ ಪತ್ರ ಬರೆದು, ಹಿಂದಿನ ಇಪ್ಪತ್ತು ವರ್ಷಗಳಲ್ಲಿ ವಿಕಾಸವಾದಕ್ಕೆ ದೊರೆತ ಅತ್ಯುತ್ತಮವಾದ ಸಮರ್ಥನೆಯು ಈ ಹಳೆಯ ಹಕ್ಕಿಗಳಿಂದಲೂ ಅಮೆರಿಕದ ಇತರ ಪ್ರಾಚೀನಜೀವಿಗಳಿಂದಲೂ ಬಂದುದೆಂಬ ಅಭಿಪ್ರಾಯವನ್ನು ತಿಳಿಸಿದನು. ವಿದ್ವಾಂಸನೊಬ್ಬನಿಗೆ ಇದಕ್ಕಿಂತ ದೊಡ್ಡ ಬಿರುದು ಆ ದಿನಗಳಲ್ಲಿ ಬೇರೊಂದಿರಲಿಲ್ಲ.

ಅದೇ ಗ್ರಂಥವು ಹನ್ನೆರಡು ವರ್ಷಗಳ ಅನಂತರ ಆತನಿಗೆ ಮುಳ್ಳಾಯಿತು. ಮಾರ್ಷನು 1882ರಿಂದ ಸರ್ಕಾರದ ಭೂವಿಜ್ಞಾನ ಸರ್ವೇಕ್ಷಣಾ ಇಲಾಖೆಯ ಪ್ರಾಚೀನಜೀವಿಶಾಸ್ತ್ರಜ್ಞನೂ ಆಗಿದ್ದನು. 1892ರಲ್ಲಿ ಸಂಸತ್ತಿನಲ್ಲಿ ಆ ಇಲಾಖೆಯ ಖರ್ಚುವೆಚ್ಚದ ಮೇಲೆ ಟೀಕೆಯೆದ್ದಾಗ, ಅಲಬಾಮದ ಪ್ರತಿನಿಧಿ ಹಿಲರಿ ಹರ್ಬರ್ಟನು ಹಲ್ಲುಳ್ಳ ಹಕ್ಕಿಗಳನ್ನೇ ದುಂದಿನ ಗುರುತನ್ನಾಗಿ ಮಾಡಿಕೊಂಡು ಅಪಹಾಸ್ಯ ಮಾಡಿದನು. ಪ್ರಾಚೀನಜೀವಿಗಳ ಸಂಶೋಧನೆಗೆ ಮೀಸಲಾದ ಹಣವು ನಿಂತುಹೋಯಿತು. ಇಲಾಖೆಯ ಮುಖ್ಯಸ್ಥ ಜಾನ್ ವೆಸ್ಲಿ ಪೊವೆಲ್ಲನಿಂದ ರಾಜೀನಾಮೆಯನ್ನು ಕೂಡಲೇ ಕಳುಹಿಸಬೇಕೆಂಬ ತಂತಿಯು ಮಾರ್ಷನಿಗೆ ಬಂದಿತು. ಉಪಯೋಗವು ಕೂಡಲೇ ಕಣ್ಣಿಗೆ ಕಾಣದ ವಿದ್ಯೆಯನ್ನು ನಗೆಪಾಟಲಿಗೀಡುಮಾಡುವುದು ಸಭೆಗಳಲ್ಲಿ ಯಾವ ಕಾಲದಲ್ಲಿಯೂ ಸುಲಭ. ಆ ನಗೆಯು ಎಷ್ಟೋ ಶೋಧಕರ ಬಾಳನ್ನು ಕೆಡಿಸಿದೆ ಎಂಬುದು ದುಃಖದ ಮಾತು.

ಇತ್ತ ಪಂಡಿತರಲ್ಲಿಯೂ ವಿವಾದವಿಲ್ಲದಿರಲಿಲ್ಲ. ಹೆಸ್ಪೆರಾರ್ನಿಸ್ಸು ಈಜುವ ಮಾಂಸಾಹಾರಿ ಉಷ್ಟ್ರಪಕ್ಷಿಯೆಂಬುದು ಮಾರ್ಷನ ನಿಲುವು. ಏಣಿಲ್ಲದ ಎದೆಯೂ ಅಂಗುಳಿನ ರಚನೆಯೂ ಅದಕ್ಕೆ ಆಧಾರ. 1890ರಲ್ಲಿ ಸ್ಕಾಟ್ಲೆಂಡಿನ ಡಾರ್ಸಿ ಥಾಂಪ್ಸನ್ ಎಂಬ ತರುಣ ವಿದ್ವಾಂಸನು ಇದನ್ನು ಖಂಡಿಸಿ, ಸೊಂಟದ ಮತ್ತು ಕಾಲಿನ ಎಲುಬುಗಳು ಮುಳುಗುಹಕ್ಕಿಗಳ ಎಲುಬುಗಳನ್ನು ಹೋಲುತ್ತವೆಂದು ವಾದಿಸಿದನು. 1896ರಲ್ಲಿ ವಿಲಿಸ್ಟನ್ನನು ಕ್ಯಾನ್ಸಸ್ಸಿನ ಇನ್ನೊಂದು ಮಾದರಿಯಲ್ಲಿ ಪಾದದ ಚರ್ಮದ ಶಲ್ಕಗಳ ಗುರುತುಗಳನ್ನೂ ಗರಿಗಳ ಅಚ್ಚನ್ನೂ ವರ್ಣಿಸಿದಾಗ, ಆ ಗರಿಗಳು ಉಷ್ಟ್ರಪಕ್ಷಿಯದರಂತೆ ಇವೆಯೆಂದು ಮಾರ್ಷನು ಮತ್ತೆ ತನ್ನ ಪಕ್ಷವನ್ನೇ ಹಿಡಿದನು. ಇಬ್ಬರ ವಾದವೂ ಈಗ ನಿಂತಿಲ್ಲ. ಇಂದಿನ ಎಲ್ಲ ಹಕ್ಕಿಗಳ ವಂಶವೃಕ್ಷಕ್ಕೂ ಹೊರಗೆ, ಅದಕ್ಕೆ ತೀರ ಸಮೀಪದಲ್ಲಿ, ಬೇರೆಬೇರೆ ಕವಲುಗಳಾಗಿ ಈ ಎರಡು ಹಕ್ಕಿಗಳೂ ನಿಲ್ಲುತ್ತವೆ. ಮುಳುಗುಹಕ್ಕಿಗಳೊಡನೆ ಇರುವ ಸಾದೃಶ್ಯವು ಒಂದೇ ಬಗೆಯ ಬಾಳು ಕೊಟ್ಟ ಸಾದೃಶ್ಯ. ಆದರೂ ಆ ಬಾಳಿನ ಸ್ವರೂಪವನ್ನು ಕಾಲೆಲುಬುಗಳಿಂದ ಸರಿಯಾಗಿ ಓದಿದವನು ಥಾಂಪ್ಸನ್ನನೇ ಎನ್ನಬೇಕು. ಮಾರ್ಷನು 1899ರಲ್ಲಿ ತೀರಿಕೊಂಡನು.

ದವಡೆಯ ವ್ಯಾಜ್ಯ ಮಾತ್ರ ಅವನೊಡನೆ ಮುಗಿಯಲಿಲ್ಲ. 1952ರಲ್ಲಿ, ಮಾರ್ಷನ ಯೇಲ್ ವಿದ್ಯಾಸಂಸ್ಥೆಯಲ್ಲಿಯೇ ಇದ್ದ ಜೋಸೆಫ್ ಗ್ರೆಗರಿ ಎಂಬ ವಿದ್ವಾಂಸನು ಆ ಎಲುಬುಗಳನ್ನು ಮತ್ತೊಮ್ಮೆ ಪರೀಕ್ಷಿಸಿ, ಇಕ್ತಿಯಾರ್ನಿಸ್ಸಿನದೆಂದು ಎಂಬತ್ತು ವರ್ಷ ನಂಬಿಕೊಂಡು ಬಂದಿದ್ದ ದವಡೆಯು ನಿಜವಾಗಿ ಮೊಸಸಾರ್ ಮರಿಯೊಂದರದೆಂದು ಪ್ರತಿಪಾದಿಸಿದನು. ಮಾರ್ಷನ ಮೊದಲನೆಯ ತೀರ್ಮಾನವೇ ಸರಿಯಾಗಿದ್ದಿತು, ಎರಡನೆಯದು ತಪ್ಪು ಎಂದಂತಾಯಿತು. ಹಲವರು ಇದನ್ನು ಒಪ್ಪಿದರು. ಪುಸ್ತಕಗಳಲ್ಲಿ ಇಕ್ತಿಯಾರ್ನಿಸ್ಸಿನ ಹಲ್ಲುಗಳ ಮೇಲೆ ಸಂದೇಹದ ಛಾಯೆಯು ಕವಿಯಿತು. ಗ್ರೆಗರಿಯ ವಾದವು ಹಗುರವಾದುದೇನೂ ಆಗಿರಲಿಲ್ಲ: ದವಡೆಯ ನಡುವಿನ ಸಡಿಲ ಸಂಧಿ, ಬೆಸೆಯದ ಮುಂತುದಿ, ಹಲ್ಲುಗಳ ಆಕಾರ, ಒಂದೊಂದೂ ಆತನ ಪಕ್ಷದಲ್ಲಿ ಸಾಕ್ಷಿ ನುಡಿಯುತ್ತಿದ್ದುವು. ಅಂಗದ ರೂಪವನ್ನು ಮಾತ್ರ ನೋಡಿ ನಿರ್ಣಯಿಸುವುದಾದರೆ ನ್ಯಾಯವು ಗ್ರೆಗರಿಯ ಕಡೆಗೇ ವಾಲುತ್ತಿದ್ದಿತು. ಎಲುಬುಗಳು ಶಿಲೆಯಲ್ಲಿ ಯಾವುದರ ಜೊತೆಗೆ, ಯಾವ ಸ್ಥಾನದಲ್ಲಿ ಬಿದ್ದಿದ್ದುವು ಎಂಬ ಸಾಕ್ಷ್ಯವು ರೂಪದ ಸಾಕ್ಷ್ಯಕ್ಕಿಂತ ಬಲವಾದುದೆಂದು ನಾನು ಭಾವಿಸುತ್ತೇನೆ. ಮುಂದೆ ಗೆದ್ದುದೂ ಅದೇ.

1970ರ ದಶಕದ ಆದಿಯಲ್ಲಿ ಫಿಲಿಪ್ ಗಿಂಗರಿಚ್ ಎಂಬಾತನು ಎರಡು ಹಕ್ಕಿಗಳ ತಲೆಬುರುಡೆಗಳನ್ನೂ ಮತ್ತೆ ಪರಿಶೀಲಿಸಿ ಮಾರ್ಷನ ನಿರ್ಣಯವನ್ನು ಎತ್ತಿಹಿಡಿದನು. 1977ರಲ್ಲಿ ಲ್ಯಾರಿ ಮಾರ್ಟಿನ್ ಮತ್ತು ಜೆ. ಡಿ. ಸ್ಟೀವರ್ಟ್ ಎಂಬವರು ಹೊಸದಾಗಿ ದೊರೆತ ಇಕ್ತಿಯಾರ್ನಿಸ್ ಮಾದರಿಯ ದವಡೆಯಲ್ಲಿ ಹಲ್ಲುಗಳನ್ನು ತೋರಿಸಿ ಪ್ರಕಟಿಸಿದ ಮೇಲೆ ವ್ಯಾಜ್ಯವು ಇತ್ಯರ್ಥವಾಯಿತು. 1873ರ ತೀರ್ಪು ನೂರನಾಲ್ಕು ವರ್ಷಗಳ ಅನಂತರ ಸ್ಥಿರಪಟ್ಟಿತು. ಮಾರ್ಷನು ಬೇರೆಬೇರೆ ಜಾತಿಗಳೆಂದು ಹೆಸರಿಟ್ಟಿದ್ದ ಇಕ್ತಿಯಾರ್ನಿಸ್ ಮಾದರಿಗಳನ್ನು 2004ರಲ್ಲಿ ಜೂಲಿಯಾ ಕ್ಲಾರ್ಕ್ ಎಂಬ ವಿದುಷಿಯು ಒಂದೊಂದಾಗಿ ಅಳೆದು ನೋಡಿ, ಬಹುಪಾಲು ಒಂದೇ ಡಿಸ್ಪಾರ್ ಜಾತಿಗೆ ಸೇರಿದವೆಂದು ತೋರಿಸಿಕೊಟ್ಟಳು.

ಹೆಸ್ಪೆರಾರ್ನಿಸ್ಸಿನ ಬಾಳಿನ ಒಂದು ಕ್ಷಣವು ಕೂಡ ನಮಗೆ ಉಳಿದುಬಂದಿದೆ. ದಕ್ಷಿಣ ಡಕೋಟದಲ್ಲಿ ದೊರೆತ ಕಾಲೆಲುಬೊಂದರ ಮೇಲೆ ಹಲ್ಲಿನ ಗಾಯಗಳಿವೆ. ನೀಳಮೂತಿಯ ಕಡಲಸರೀಸೃಪವಾದ ಪ್ಲೀಸಿಯೊಸಾರ್ ಒಂದು ಈಜುತ್ತಿದ್ದ ಹಕ್ಕಿಯ ಕಾಲನ್ನು ಪಕ್ಕದಿಂದ ಕಚ್ಚಿದಾಗ ಆದುವು ಎಂದು ಅವುಗಳ ಅಂತರವೂ ಆಕಾರವೂ ಹೇಳುತ್ತವೆ. ಆ ಗಾಯಗಳ ಅಂಚಿನಲ್ಲಿ ಎಲುಬು ಮತ್ತೆ ಬೆಳೆದಿದೆ. ಹಕ್ಕಿಯು ಆ ಬಾಯಿಂದ ತಪ್ಪಿಸಿಕೊಂಡು, ನೋವನ್ನು ಹೊತ್ತು, ಗಾಯ ಮಾಯುವವರೆಗಾದರೂ ಬದುಕಿದ್ದಿತು. ಕೆನಡದ ಉತ್ತರದಂಚಿನಿಂದ ರಷ್ಯದ ವೋಲ್ಗಾ ಪ್ರಾಂತದವರೆಗೆ ಇದರ ಬಳಗದ ಅವಶೇಷಗಳು ಈಚೆಗೆ ದೊರೆತಿವೆ. 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಕ್ರಿಟೇಷಿಯಸ್ ಯುಗವನ್ನು ಮುಗಿಸಿದ ಮಹಾವಿನಾಶದ ಈಚೆಗೆ ಹಲ್ಲುಳ್ಳ ಹಕ್ಕಿಗಳ ಕುರುಹಿಲ್ಲ.

2018ರಲ್ಲಿ ಡೇನಿಯಲ್ ಫೀಲ್ಡ್, ಭರತ್-ಅಂಜನ್ ಭುಲ್ಲರ್ ಮೊದಲಾದವರು ಕ್ಯಾನ್ಸಸ್ಸಿನಲ್ಲಿ ದೊರೆತ ಇಕ್ತಿಯಾರ್ನಿಸ್ಸಿನ ತಲೆಬುರುಡೆಯೊಂದನ್ನು ಶಿಲೆಯಿಂದ ಬಿಡಿಸದೆಯೇ, ಆಸ್ಪತ್ರೆಗಳಲ್ಲಿ ಬಳಸುವ ಸಿ.ಟಿ. ಸ್ಕ್ಯಾನಿನಂತಹ ಯಂತ್ರದಲ್ಲಿ ಇಟ್ಟು ಒಳಗಿನಿಂದ ಓದಿದರು. ಹಲ್ಲಿಲ್ಲದ ಪುಟ್ಟ ಕೊಕ್ಕು ಮೂತಿಯ ತುದಿಯಲ್ಲಿ ಮಾತ್ರ ರೂಪುಗೊಂಡಿದ್ದಿತೆಂದೂ, ಮೆದುಳು ಆಗಲೇ ಇಂದಿನ ಹಕ್ಕಿಗಳ ಮೆದುಳಿನ ರೂಪವನ್ನು ತಾಳಿದ್ದಿತೆಂದೂ, ದವಡೆಯ ಸ್ನಾಯುಗಳು ಮಾತ್ರ ಡೈನೋಸಾರುಗಳ ಸ್ನಾಯುಗಳಂತೆ ದೊಡ್ಡವಾಗಿ ಉಳಿದಿದ್ದುವೆಂದೂ ಅವರು ಪ್ರತಿಪಾದಿಸಿದರು. ಅದೇ ಪರಿಶೋಧನೆಯಲ್ಲಿ ಅವರು ಯೇಲಿನಲ್ಲಿರುವ ಹಳೆಯ ಮಾದರಿಯನ್ನೂ, ಎಂದರೆ ಮಜ್ 1872ರಲ್ಲಿ ಪೆಟ್ಟಿಗೆಯಲ್ಲಿ ತುಂಬಿ ಕಳುಹಿಸಿದ ಆ ಎಲುಬುಗಳನ್ನೂ, ಮತ್ತೆ ನೋಡಿದರು. ಮಾರ್ಷನಿಂದ ಮೊದಲುಗೊಂಡು ಯಾರ ಕಣ್ಣಿಗೂ ಬೀಳದೆ ಉಳಿದಿದ್ದ ತಲೆಬುರುಡೆಯ ಎರಡು ಎಲುಬುಗಳು ಅವುಗಳಲ್ಲಿ ದೊರೆತುವು.